ಇಲೆಯೋ ಉಲೆಯೋ, ಯಾವುದು ಸರಿಯಾದ ಯೊರುಬಾ?

ನೈಜೀರಿಯಾದ ಯೊರುಬಾ ಭಾಷೆ ಕಲಿಸುವ ನಿಮ್ಮ ಪುಸ್ತಕದಲ್ಲಿ ಮನೆಗೆ ‘ಇಲೆ’ ಅಂತಿದೆ, ಅಲ್ಲಿನ ಅಡೊ-ಎಕಿಟಿ ಊರಿನ ಸಹೋದ್ಯೋಗಿ ‘ಉಲೆ’ ಅಂತಾರೆ. ಇಬ್ಬರೂ ಸರಿಯೇ. ಶಿಷ್ಟ ಯೊರುಬಾ ಬಹುಮಟ್ಟಿಗೆ ಓಯೊ ಕಡೆಯ ಮಾತಿನ ಮೇಲೆ ನಿಂತಿದೆ. ಅದರಲ್ಲಿ ನಾಮಪದ ‘ಉ’ದಿಂದ ಶುರುವಾಗುವುದೇ ಇಲ್ಲ. ಎಕಿಟಿ, ಇಜೆಶಾ, ಒಂಡೊ ಕಡೆ ಆ ‘ಉ’ ಉಳಿದಿದೆ: ಬೆಂಕಿ ‘ಇನಾ’ ಅಲ್ಲ ‘ಉನಾ’, ಕೆಲಸ ‘ಇಶೆ’ ಅಲ್ಲ ‘ಉಶೆ’. ನೆಂಟ ಭಾಷೆ ಇಗಾಲದಲ್ಲೂ ಬೆಂಕಿ ‘ಉನಾ’ನೇ. ಹಾಗಾಗಿ ‘ಉ’ ರೂಪವೇ ಹಳೆಯದು ಎನ್ನುವ ವಾದಕ್ಕೆ ಬಲವಿದೆ. ನಮ್ಮ ಧಾರವಾಡದ ‘ಮನಿ’ಯನ್ನು ತಪ್ಪು ಅಂದ ಹಾಗೆ ಉಲೆಯನ್ನು ತಿದ್ದಲು ಹೋಗಬೇಡಿ.

ಆದರೆ ಒಂದು ಎಚ್ಚರಿಕೆ. ಮನೆಯಲ್ಲಿದ್ದವರಿಗೆ ಹೊರಗಿನಿಂದ ಬಂದವರು ಹೇಳುವ ‘ಎ ಕು ಇಲೆ’, ಬಾಯಲ್ಲಿ ‘ಎ ಕೂಲೆ’ ಆಗುತ್ತದೆ. ಕು-ವಿನ ಸ್ವರ ಮುಂದಿನ ಇಕಾರವನ್ನು ನುಂಗುತ್ತದೆ. ಇದು ಓಯೊ ಕಡೆಯ ನಗರ ಇಬಾದಾನಿನವರ ಬಾಯಲ್ಲೂ ಉಂಟು. ಅದರಲ್ಲಿ ‘ಉಲೆ’ ಕೇಳಿಸಿತೆಂದು ಎಕಿಟಿಯವರು ಅಂತ ತೀರ್ಮಾನಿಸಬೇಡಿ. ಪದ ಒಂಟಿಯಾಗಿ ಬಂದಾಗ ಗಮನಿಸಿ.

ಕಲಿಯುವವರು ಎಡವುವುದು ಹೆಚ್ಚಾಗಿ ಕೊನೆಯ ಅಕ್ಷರದಲ್ಲಿ. ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಮನೆಯೂ ‘ಇಲೆ’, ನೆಲವೂ ‘ಇಲೆ’. ಮನೆಗೆ ‘ಇ’ ಮಧ್ಯಮ ಸ್ಥಾಯಿ (ದನಿಯ ಎತ್ತರ), ‘ಲೆ’ ಮೇಲಿನ ಸ್ಥಾಯಿ. ನೆಲಕ್ಕೆ ‘ಲೆ’ ಕೆಳಗಿಳಿಯಬೇಕು, ಜೊತೆಗೆ ಬಾಯಿ ಅಗಲ ತೆರೆದು ಎಕಾರ ನುಡಿಯಬೇಕು. ಅವರ ಬರವಣಿಗೆಯಲ್ಲಿ ಆ ಎಕಾರದಡಿ ಚುಕ್ಕೆ ಇರುತ್ತದೆ. ಟಿಪ್ಪಣಿಯನ್ನು ರೋಮನ್ ಲಿಪಿಯಲ್ಲೇ, ಚುಕ್ಕೆ ಮತ್ತು ಸ್ಥಾಯಿ ಗುರುತು ಹಾಕಿ ಇಟ್ಟುಕೊಳ್ಳಿ. ಪರೀಕ್ಷೆಗೆ, ಪತ್ರಕ್ಕೆ ಇಲೆ. ಸಹೋದ್ಯೋಗಿಯ ಜೊತೆ ಹರಟೆಗೆ ಉಲೆ ಧಾರಾಳ.