ನೆನಪು ಕಡಿಮೆಯೇ, ಮನಸ್ಸು ಬಾರದೇ?

ಪ್ರಶ್ನೆ: ನನ್ನ ಮಗ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾನೆ. ಎಸ್ಸೆಸ್ಸೆಲ್ಸಿಯವರೆಗೆ ಚುರುಕಾಗಿದ್ದವನು ಈಗ ಪುಸ್ತಕ ತೆರೆದಿಟ್ಟು ಸುಮ್ಮನೆ ಕುಳಿತಿರುತ್ತಾನೆ. ಕೇಳಿದರೆ ಏನೂ ನೆನಪಿರುವುದಿಲ್ಲ ಎನ್ನುತ್ತಾನೆ. ಮಿದುಳಿನ ಕಿಣ್ವವೊಂದು ಇಲಿಗಳ ಕಲಿಕೆ, ನೆನಪು, ಹುಮ್ಮಸ್ಸನ್ನು ನಿರ್ಧರಿಸುತ್ತದೆ ಎಂದು ಓದಿದೆ. ಅದನ್ನು ಹೆಚ್ಚಿಸುವ ಮಾತ್ರೆ ಇದೆಯೇ? ಪರಿಚಿತರೊಬ್ಬರು ನಸುಗುನ್ನಿ ಬೀಜದ ಪುಡಿ ಕೊಡಲು ಹೇಳುತ್ತಿದ್ದಾರೆ.
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಅಂಥ ಮಾತ್ರೆ ಇಲ್ಲ. ನಸುಗುನ್ನಿ ಪುಡಿಯನ್ನು ದಯವಿಟ್ಟು ಕೊಡಬೇಡಿ. ಆದರೆ ಇಲಿಗಳ ಆ ಪ್ರಯೋಗಗಳನ್ನು ನೀವು ತಿಳಿದುಕೊಳ್ಳಲೇಬೇಕು. ಮಗನನ್ನು ನೋಡುವ ರೀತಿಯೇ ಬದಲಾಗಬಹುದು.

ನೆನಪಿನ ಕೆಲಸಕ್ಕೆ ಹೆಸರಾದ ಕಿಣ್ವ ಕ್ಯಾಮ್‌ಕೆ-2. ನರಕೋಶಗಳು ಸಂಧಿಸುವಲ್ಲಿ ಕ್ಯಾಲ್ಸಿಯಂ ಒಳನುಗ್ಗಿದಾಗ ಇದು ಚುರುಕಾಗಿ, ಆ ಸಂಧಿಯನ್ನು ಬಲಪಡಿಸುತ್ತದೆ. 1992ರಲ್ಲಿ ಅಮೆರಿಕದ ಎಂಐಟಿಯಲ್ಲಿ ಆಲ್ಸಿನೊ ಸಿಲ್ವಾ ಮತ್ತು ಸಂಗಡಿಗರು ಇದರ ಒಂದು ಮುಖ್ಯ ಜೀನ್ ಇಲ್ಲದ ಇಲಿಗಳನ್ನು ನೀರಿನ ತೊಟ್ಟಿಯಲ್ಲಿ ಈಜಲು ಬಿಟ್ಟರು. ನೀರಿನಡಿ ಕಾಣದಂತೆ ಇಟ್ಟ ಪುಟ್ಟ ಕಟ್ಟೆ ಎಲ್ಲಿದೆ ಎಂಬುದು ಅವುಗಳಿಗೆ ಸರಿಯಾಗಿ ಮನದಟ್ಟಾಗಲೇ ಇಲ್ಲ.

ಹುಮ್ಮಸ್ಸಿನ ಕಥೆಯಲ್ಲಿ ಬರುವ ಕಿಣ್ವವೇ ಬೇರೆ: ಟೈರೊಸಿನ್ ಹೈಡ್ರಾಕ್ಸಿಲೇಸ್. ಇದು ಟೈರೊಸಿನ್ ಎಂಬ ಅಮೈನೊ ಆಮ್ಲವನ್ನು ಎಲ್-ಡೋಪಾ ಆಗಿ ಮಾರ್ಪಡಿಸುತ್ತದೆ. ಅದರಿಂದ ಡೋಪಮೈನ್ ಹುಟ್ಟುತ್ತದೆ. ನರಕೋಶಗಳ ನಡುವೆ ಸಂದೇಶ ಒಯ್ಯುವ, ಹುಮ್ಮಸ್ಸಿಗೆ ಬೇಕಾದ ರಾಸಾಯನಿಕವಿದು. 1995ರಲ್ಲಿ ಸಿಯಾಟಲ್‌ನ ರಿಚರ್ಡ್ ಪಾಮಿಟರ್ ಅವರ ಪ್ರಯೋಗಾಲಯ ಡೋಪಮೈನ್ ತಯಾರಿಸುವ ಕೋಶಗಳಲ್ಲಿ ಈ ಕಿಣ್ವವಿಲ್ಲದ ಇಲಿಗಳನ್ನು ರೂಪಿಸಿತು. ಹುಟ್ಟಿದಾಗ ಸರಿಯಾಗಿಯೇ ಇದ್ದ ಮರಿಗಳು ಕೆಲವೇ ವಾರಗಳಲ್ಲಿ ಮೇವು, ನೀರು ಪಕ್ಕದಲ್ಲೇ ಇದ್ದರೂ ಬಾಯಿ ಹಾಕದೆ ಸತ್ತವು. ಎಲ್-ಡೋಪಾ ಚುಚ್ಚಿದರೆ ಕೆಲವು ಗಂಟೆ ಎದ್ದು ಓಡಾಡಿ ತಿನ್ನುತ್ತಿದ್ದವು.

ನನ್ನನ್ನು ಇಂದಿಗೂ ಬೆರಗಾಗಿಸುವುದು 2005ರಲ್ಲಿ ಪ್ರಕಟವಾದ ಮುಂದಿನ ಹೆಜ್ಜೆ. ಇಂಥ ಇಲಿಗಳಿಗೆ ಕೆಫೀನ್ ಕೊಟ್ಟು, ಕವಲು ದಾರಿಯ ಒಂದು ಕಡೆ ಮಾತ್ರ ತಿನಿಸಿಟ್ಟು ಬಿಟ್ಟರು. ಕೆಫೀನಿನ ಬಲದಿಂದ ಓಡಾಡಿದವೇ ಹೊರತು ತಿನಿಸನ್ನು ಹುಡುಕಿಕೊಂಡು ಹೋಗಲಿಲ್ಲ. ಏನೂ ಕಲಿತಿಲ್ಲ ಎಂದೇ ಯಾರಾದರೂ ಹೇಳುತ್ತಿದ್ದರು. ಆಮೇಲೆ ಎಲ್-ಡೋಪಾ ಕೊಟ್ಟಾಗ ಸರಿಯಾದ ಕವಲನ್ನೇ ಹಿಡಿದವು! ಪಾಠ ಒಳಗೆ ಇಳಿದಿತ್ತು. ಅದನ್ನು ಬಳಸುವ ಮನಸ್ಸು ಮಾತ್ರ ಇರಲಿಲ್ಲ.

ಇಲಿಯ ಫಲಿತಾಂಶವನ್ನು ಹದಿನೇಳರ ಹುಡುಗನಿಗೆ ಹಾಗೆಯೇ ಹೊಂದಿಸಲಾಗದು. ಆದರೂ ‘ನೆನಪಿಲ್ಲ’ ಎಂಬ ಮಾತನ್ನು ನಂಬಿ ಅವನನ್ನು ಮರೆಗುಳಿಯೆಂದು ತೀರ್ಮಾನಿಸಬೇಡಿ. ಪರೀಕ್ಷೆಯ ಸುಳಿವೇ ಇಲ್ಲದ ಹೊತ್ತಿನಲ್ಲಿ, ಅವನಿಗೆ ಹಿಂದೆ ಇಷ್ಟವಾಗಿದ್ದ ಪಾಠವೊಂದರ ಮಾತು ತೆಗೆಯಿರಿ. ಸರಾಗವಾಗಿ ವಿವರಿಸಿದರೆ ತೊಂದರೆ ಬಹುಶಃ ನೆನಪಿನದ್ದಲ್ಲ.

ನಸುಗುನ್ನಿ ಬೀಜದಲ್ಲಿರುವುದು ಇದೇ ಎಲ್-ಡೋಪಾ, ಪಾರ್ಕಿನ್ಸನ್ ರೋಗಿಗಳಿಗೆ ಕೊಡುವ ಔಷಧ. ಆ ಇಲಿಗಳಲ್ಲಿ ಕಿಣ್ವವೇ ಇರಲಿಲ್ಲ, ನಿಮ್ಮ ಮಗನಿಗೆ ಅಂಥ ಕೊರತೆಯಿದೆ ಎನ್ನಲು ಕಾರಣವಿಲ್ಲ. ಅಳತೆಯಿಲ್ಲದ ಪುಡಿ ವಾಂತಿ ತರಿಸಬಹುದು, ರಕ್ತದೊತ್ತಡ ಇಳಿಸಬಹುದು.

ಎರಡು ವಾರಕ್ಕಿಂತ ಹೆಚ್ಚು ಕಾಲ ಓದು ಮಾತ್ರವಲ್ಲ, ಆಟ, ಗೆಳೆಯರು, ಊಟ ಯಾವುದೂ ಬೇಡವಾಗಿದ್ದರೆ ಅದು ಖಿನ್ನತೆಯಿರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ನಿಮ್ಹಾನ್ಸ್‌ಗೆ ಕರೆದೊಯ್ಯಿರಿ, ಇಲ್ಲವೇ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಅಂಕಗಳ ವಿಷಯ ಆಮೇಲಿರಲಿ, ಅಲ್ಲಿ ಮೊದಲು ಅವನ ನಿದ್ದೆ, ಊಟದ ಬಗ್ಗೆ ಹೇಳಿ.