ಕಾರ್ಬನ್ ಫೈಬರ್ ಕ್ಯೂ ಶಾಫ್ಟ್‌ನಲ್ಲಿ ಬಿದ್ದ ಚಕ್ಕೆಯನ್ನು ಮನೆಯಲ್ಲೇ ಸರಿಮಾಡಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಪೂಲ್, ಬಿಲಿಯರ್ಡ್ಸ್ ಆಡುವ ಕೋಲಿನ (ಕ್ಯೂ) ಮುಂಭಾಗವಾದ ಶಾಫ್ಟ್ ಟೇಬಲ್ಲಿನ ಲೋಹದ ಅಂಚಿಗೆ ತಗುಲಿ, ಚೆಂಡಿಗೆ ತಾಗುವ ತುದಿಯಾದ ಟಿಪ್‌ನಿಂದ ಸುಮಾರು 25 ಸೆಂ.ಮೀ. ಕೆಳಗೆ ಸಾಸಿವೆ ಕಾಳಿನಷ್ಟು ಚಕ್ಕೆ ಎದ್ದಿದೆ. ಸುತ್ತ ಬೂದುಬಣ್ಣದ ಗೀರುಗಳಿವೆ. ಹೊಡೆಯುವಾಗ ಬ್ರಿಡ್ಜ್ ಕೈಗೆ (ಶಾಫ್ಟ್ ಜಾರಲು ಆಸರೆ ಕೊಡುವ ಮುಂದಿನ ಕೈಗೆ) ತಡೆಯುತ್ತದೆ. ಮರಳು ಕಾಗದದಲ್ಲಿ ಉಜ್ಜಿದರೆ ಹೋಗುತ್ತದೆಯೇ?

ಉಜ್ಜಬೇಡಿ. ಸರಿಯಾಗಿ ತುಂಬಿದರೆ ಹೋಗುತ್ತದೆ. ಶಾಫ್ಟ್‌ನ ಗೋಡೆ ತೆಳುವಾದ ಕಾರ್ಬನ್ ಪದರಗಳಿಂದ ಆಗಿರುತ್ತದೆ, ಒಂದು ಪದರ ಸಾಮಾನ್ಯವಾಗಿ 0.1ರಿಂದ 0.2 ಮಿ.ಮೀ. ಮಾತ್ರ. ಕುಳಿ ಮಾಯವಾಗುವವರೆಗೆ ಸುತ್ತಲಿನ ಮೈಯನ್ನು ಇಳಿಸಿದರೆ ಒಂದಿಡೀ ಪದರವನ್ನೇ ಕಡಿದುಹಾಕಿದಂತೆ. ಜೊತೆಗೆ ಅಲ್ಲೊಂದು ಚಪ್ಪಟೆ ಜಾಗ ಉಳಿದುಕೊಳ್ಳುತ್ತದೆ, ಅದು ಚಕ್ಕೆಗಿಂತ ಹೆಚ್ಚು ಕೈಗೆ ಸಿಗುತ್ತದೆ. ಮರದ ಶಾಫ್ಟ್‌ಗೆ ಮಾಡುವಂತೆ ಹಬೆ ಕೊಟ್ಟೂ ಉಪಯೋಗವಿಲ್ಲ. ಮರದ ನಾರು ನೀರು ಕುಡಿದು ಉಬ್ಬುತ್ತದೆ, ಕಾರ್ಬನ್ ಉಬ್ಬುವುದಿಲ್ಲ. ಬಿಸಿಗೆ ಫೆರೂಲ್‌ನ (ಟಿಪ್‌ನ ಕೆಳಗಿನ ಪುಟ್ಟ ಕೊಳವೆಯ) ಅಂಟು ಸಡಿಲವಾಗಬಹುದು, ಅಷ್ಟೇ ಲಾಭ.

ಮೊದಲು ಅದು ನಿಜಕ್ಕೂ ಗೀರೇ ಎಂದು ನೋಡಿ. ಬೂದುಗೆರೆಗಳಲ್ಲಿ ಎಷ್ಟೋ ಸಲ ಅರ್ಧಕ್ಕರ್ಧ ಟಿಪ್‌ಗೆ ಹಚ್ಚುವ ಚಾಕ್‌ನ ಪುಡಿ, ಇಲ್ಲವೇ ತಗುಲಿದ ವಸ್ತುವಿನ ಬಣ್ಣ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಒರೆಸಿ. ಆಲ್ಕೊಹಾಲ್ ಆರುವುದನ್ನು ಓರೆ ಬೆಳಕಿನಲ್ಲಿ ಗಮನಿಸಿ: ಮೈಯೆಲ್ಲ ಒಣಗಿದ ಮೇಲೂ ಕೂದಲೆಳೆಯಂಥ ಒದ್ದೆ ಗೆರೆ ಉಳಿದರೆ ಅದು ಬಿರುಕು. ನಂತರ ನಾಣ್ಯದ ಅಂಚಿನಿಂದ ಶಾಫ್ಟ್ ಉದ್ದಕ್ಕೂ ಮೆಲ್ಲಗೆ ತಟ್ಟಿ. ಚಕ್ಕೆಯ ಹತ್ತಿರ ಮಾತ್ರ ಸದ್ದು ಮಂಕಾದರೆ ಒಳಪದರ ಬಿಟ್ಟಿರುವ ಸಾಧ್ಯತೆ ಇದೆ. ಬಿರುಕಾಗಲಿ ಮಂಕು ಸದ್ದಾಗಲಿ ಇದ್ದರೆ ಮುಂದಿನದನ್ನು ಮಾಡಬೇಡಿ, ಅದು ಬರೀ ಅಂದದ ಸಮಸ್ಯೆಯಲ್ಲ. ವಾರಂಟಿ ಬಾಕಿ ಇದ್ದರೂ ಅಂಟು ಮುಟ್ಟುವ ಮುನ್ನ ತಯಾರಕರನ್ನು ಕೇಳಿ.

ಎರಡೂ ಪರೀಕ್ಷೆಯಲ್ಲಿ ಪಾಸಾದರೆ, ಅರ್ಧ ಮಿ.ಮೀ.ಗಿಂತ ಕಡಿಮೆ ಆಳದ ಕುಳಿಗೆ ಸೂಪರ್ ಗ್ಲೂ ಸಾಕು. ಅದು ಪಾರದರ್ಶಕ, ಕೆಳಗಿನ ಕಪ್ಪು ಕಾಣುವುದರಿಂದ ಬಣ್ಣ ಬೆರೆಸಬೇಕಿಲ್ಲ. ನೀರಿನಷ್ಟು ತೆಳುವಾದದ್ದು ಒಂದು, ಸ್ವಲ್ಪ ಗಟ್ಟಿಯಾದದ್ದು ಒಂದು, ಹೀಗೆ ಎರಡು ಬಗೆ ಇಟ್ಟುಕೊಳ್ಳಿ. ಎದ್ದು ನಿಂತ ಎಳೆಗಳನ್ನು ಕೀಳಬೇಡಿ, ಹೊಸ ಬ್ಲೇಡಿನಿಂದ ಕತ್ತರಿಸಿ. ತೆಳು ಅಂಟನ್ನು ಸೂಜಿಮೊನೆಯಲ್ಲಿ ಒಂದು ಹನಿ ಬಿಡಿ, ಅದು ಎಳೆಗಳ ನಡುವೆ ಇಳಿದು ಅವನ್ನು ಹಿಡಿದುಕೊಳ್ಳುತ್ತದೆ. ಅದು ಬಿಗಿದ ಮೇಲೆ ಗಟ್ಟಿ ಅಂಟನ್ನು ತೆಳ್ಳಗೆ ಪದರಪದರವಾಗಿ ಹಾಕಿ, ಪದರಕ್ಕೆ 15 ನಿಮಿಷ ಬಿಡುವು ಕೊಡಿ. ಒಂದೇ ಸಲ ತುಂಬಿದರೆ ಮೇಲೆ ಗಟ್ಟಿಯಾಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಬೇಗ ಒಣಗಿಸುವ ಸ್ಪ್ರೇ ಬೇಡ, ಅಂಟು ನೊರೆಗಟ್ಟಿ ಬಿಳಿ ಚುಕ್ಕೆ ಬಿಡುತ್ತದೆ, ಕಪ್ಪು ಮೈಮೇಲೆ ಅದು ಎದ್ದು ಕಾಣುತ್ತದೆ. ಕೊನೆಗೆ ಮೈಯ ಮಟ್ಟಕ್ಕಿಂತ ತುಸು ಉಬ್ಬಿರಲಿ. 24 ಗಂಟೆ ಮುಟ್ಟಬೇಡಿ.

ಕುಳಿ ಇನ್ನೂ ಆಳವಿದ್ದರೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಗೆ ಚಿಟಿಕೆ ಗ್ರಾಫೈಟ್ ಪುಡಿ ಬೆರೆಸಿ ಬಳಸಿ. ಐದು ನಿಮಿಷದ ಎಪಾಕ್ಸಿ ರಬ್ಬರಿನಂತೆ ಮೆತ್ತಗೆ ಉಳಿದು ಮರಳು ಕಾಗದಕ್ಕೆ ಮೆತ್ತಿಕೊಳ್ಳುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಮಟ್ಟ ಮಾಡುವಾಗ. ಒಂದು ಬದಿ ಮಾತ್ರ ಹರಿತವಿರುವ ಅಗಲ ಬ್ಲೇಡ್ ತೆಗೆದುಕೊಂಡು, ಅದರ ಅಂಚಿನ ಎರಡೂ ತುದಿಗೆ ಒಂದೊಂದು ಸುತ್ತು ತೆಳು ಟೇಪ್ ಸುತ್ತಿ. ನಡುವೆ 8–10 ಮಿ.ಮೀ. ಅಂಚು ಮಾತ್ರ ತೆರೆದಿರಲಿ. ಬ್ಲೇಡನ್ನು ಶಾಫ್ಟ್‌ನ ಉದ್ದಕ್ಕೆ ಸಮನಾಗಿ ಇಟ್ಟು, ಹೆಚ್ಚುಕಮ್ಮಿ ನೆಟ್ಟಗೆ ನಿಲ್ಲಿಸಿ, ಸುತ್ತಿನ ದಿಕ್ಕಿನಲ್ಲಿ ಕೆರೆಯಿರಿ. ಟೇಪ್ ಶಾಫ್ಟ್ ಮೇಲೆ ಜಾರುತ್ತದೆ, ಬ್ಲೇಡ್ ಉಬ್ಬನ್ನು ಮಾತ್ರ ಹೆರೆಯುತ್ತದೆ. ಬ್ಲೇಡ್ ಕೆರೆಯುವುದನ್ನು ನಿಲ್ಲಿಸಿದಾಗ ಟೇಪಿನ ದಪ್ಪದಷ್ಟು ಅಂಟು ಮಾತ್ರ ಮೇಲೆ ಉಳಿದಿರುತ್ತದೆ.

ಅದನ್ನು 800 ಗ್ರಿಟ್‌ನ (ಸಂಖ್ಯೆ ಹೆಚ್ಚಿದಷ್ಟೂ ನಯ) ಒದ್ದೆ ಮರಳು ಕಾಗದದಿಂದ ಇಳಿಸಿ. ಕಾಗದವನ್ನು ಬೆರಳಿಗೆ ಸುತ್ತಿಕೊಂಡರೆ ಮೆತ್ತಗಿನ ಬೆರಳು ಅಕ್ಕಪಕ್ಕದ ಮೈಯನ್ನೂ ತಿನ್ನುತ್ತದೆ, ಆದ್ದರಿಂದ ಬೆರಳಗಲದ ಗಟ್ಟಿ ಪಟ್ಟಿಗೆ ಅಂಟಿಸಿಕೊಳ್ಳಿ. ಕಾಗದದ ಮೇಲಿನ ನೀರನ್ನು ನೋಡುತ್ತಿರಿ: ಹಾಲಿನಂತೆ ಬಿಳಿಯಾಗಿದ್ದರೆ ಅಂಟು ಸವೆಯುತ್ತಿದೆ, ಕಪ್ಪಾದ ಕ್ಷಣ ಶಾಫ್ಟ್‌ನ ಮೈ ಸವೆಯಲು ಶುರುವಾಗಿದೆ, ನಿಲ್ಲಿಸಿ. (ಎಪಾಕ್ಸಿಗೆ ಗ್ರಾಫೈಟ್ ಹಾಕಿದ್ದರೆ ಈ ಗುರುತು ಸಿಗದು, ಮತ್ತೆಮತ್ತೆ ಒರೆಸಿ ಕಣ್ಣಲ್ಲೇ ನೋಡಬೇಕು.) ಒಣಗಿದಾಗ ಮಂಕು ಮೈಯ ನಡುವೆ ಹೊಳೆಯುವ ಚುಕ್ಕೆ ಕಂಡರೆ ಅಲ್ಲಿನ್ನೂ ತಗ್ಗಿದೆ, ಮತ್ತೊಂದು ಹನಿ ಬೇಕು. ಕೆಲಸಕ್ಕೆ ಮೊದಲು ಮತ್ತು ಆಮೇಲೆ ಕ್ಯಾಲಿಪರ್‌ನಿಂದ ಅದೇ ಜಾಗವನ್ನು ಅಳೆಯಿರಿ. ವ್ಯತ್ಯಾಸ 0.05 ಮಿ.ಮೀ. ದಾಟಬಾರದು ಎಂಬುದು ನಾನು ಪಾಲಿಸುವ ಮಿತಿ.

ಆಮೇಲೆ 1000, 1500, 2000. ಕೊನೆಯ ಹಂತವನ್ನು ಚಕ್ಕೆಯಷ್ಟು ಜಾಗಕ್ಕೆ ಸೀಮಿತ ಮಾಡಬೇಡಿ, ಅಲ್ಲೊಂದು ತೇಪೆಯಂತೆ ಹೊಳಪು ಬೇರೆಯಾಗುತ್ತದೆ. ಮಂಕು ಮೈಯ ಶಾಫ್ಟ್ ಆಗಿದ್ದರೆ 2000 ಅಥವಾ 3000 ಗ್ರಿಟ್‌ನಿಂದ, ಬೆರಳೊತ್ತಡವೂ ಇಲ್ಲದಂತೆ, ಬ್ರಿಡ್ಜ್ ಕೈ ಓಡಾಡುವ ಉದ್ದಕ್ಕೆಲ್ಲ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಹೊಳಪಿನ ಕ್ಲಿಯರ್ ಕೋಟ್ (ಪಾರದರ್ಶಕ ಲೇಪ) ಇದ್ದರೆ ಸಿಲಿಕೋನ್ ಇಲ್ಲದ ಪಾಲಿಶಿಂಗ್ ಪೇಸ್ಟ್ ಬಳಸಿ. ಸಿಲಿಕೋನ್ ಒಮ್ಮೆ ಹತ್ತಿದರೆ ಮುಂದೆ ಅಲ್ಲಿ ಅಂಟು ನಿಲ್ಲುವುದು ಕಷ್ಟ.

ಕಾರ್ಬನ್ ಪುಡಿ ಚರ್ಮಕ್ಕೆ ತುರಿಕೆ, ಶ್ವಾಸಕೋಶಕ್ಕೆ ಕೆಟ್ಟದ್ದು, ಮೇಲಾಗಿ ವಿದ್ಯುತ್ ಹರಿಸುತ್ತದೆ. ಎನ್95 ಮಾಸ್ಕ್, ಕೈಗವಸು ಹಾಕಿಕೊಳ್ಳಿ, ಲ್ಯಾಪ್‌ಟಾಪ್ ಇರುವ ಮೇಜಿನ ಮೇಲೆ ಮಾಡಬೇಡಿ, ಒಣ ಪುಡಿಯನ್ನು ಊದಬೇಡಿ. ಕಾಗದ ಒದ್ದೆಯಿದ್ದರೆ ಸಾಕು, ಜಾಯಿಂಟ್ (ಶಾಫ್ಟ್ ಹಿಂಭಾಗಕ್ಕೆ ಕೂಡುವ ಜಾಗ) ಮತ್ತು ಫೆರೂಲ್ ಕಡೆಗೆ ನೀರು ಹರಿಯಬಾರದು.