ಕಣದಲ್ಲಿ ಕೇಳಿದ ದನಿ ಮತ್ತು ಎರಡನೇ ವರ್ಷದ ಸೈಕಾಲಜಿ

ಇಲ್ಲಿ ಹೆಸರು, ಊರು, ಮನೆಯವರ ಕೆಲಸ ಎಲ್ಲವನ್ನೂ ಬದಲಿಸಿದ್ದೇನೆ. ಕೊಡಗು ಸಣ್ಣ ಜಿಲ್ಲೆ. ಯಾವ ತೋಟ, ಯಾವ ಚರ್ಚು ಅಂತ ಬಾಯಿಬಿಟ್ಟರೆ ಸಾಕು, ಸಂತೆ ದಿನ ಬಸ್ಸಿನಲ್ಲಿ ಕೂತವರೇ ಉಳಿದದ್ದನ್ನು ಹೇಳಿಬಿಡುತ್ತಾರೆ. ಬರೆಯಲು ಮನೆಯವರ ಒಪ್ಪಿಗೆ ಇದೆ.

ಹುಡುಗಿಯನ್ನು ಲೀನಾ ಅನ್ನೋಣ. ವಯಸ್ಸು 20. ದಕ್ಷಿಣ ಕೊಡಗಿನ ಕ್ಯಾಥೊಲಿಕ್ ಕುಟುಂಬ. ಅಪ್ಪ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಪಿಯುಸಿ ಮುಗಿಸಿ, ಘಟ್ಟ ಇಳಿದು, ಸಿಸ್ಟರ್‌ಗಳು ನಡೆಸುವ ಕಾಲೇಜೊಂದರಲ್ಲಿ ಬಿಎ ಸೇರಿದ್ದಳು. ಸೈಕಾಲಜಿ, ಸೋಷಿಯಾಲಜಿ ಕಾಂಬಿನೇಷನ್. ಹಾಸ್ಟೆಲ್ ವಾಸ. ಆಪ್ತಸಲಹೆಗೆ ನನ್ನ ಬಳಿ ಬಂದಾಗ ಎರಡನೇ ವರ್ಷ.

ಕೂತ ಕೂಡಲೇ ಹೇಳಿದ್ದು ಇದು: "ಕೋರ್ಸ್ ಬಿಡಬೇಕು ಅಂತಿದ್ದೀನಿ ಮೇಡಂ. ಮನೆಯಲ್ಲಿ ಯಾವ ಕಾರಣ ಹೇಳಲಿ ಅಂತ ನೀವು ಹೇಳಿಕೊಡಿ."

ಬಿಡುವ ಕಾರಣ ಕೇಳಿದೆ. ಬಂದ ಉತ್ತರ ತತ್ವಜ್ಞಾನದ್ದು. ಕ್ಲಾಸಿನಲ್ಲಿ ಮನೋವಿಶ್ಲೇಷಣೆ ಶುರುಮಾಡಿದ ಫ್ರಾಯ್ಡ್‌ನ ಪಾಠ ಆಗಿತ್ತು. ದೇವರು ಅನ್ನುವುದು ಮನುಷ್ಯ ತನ್ನ ಅಪ್ಪನ ನೆರಳನ್ನು ಆಕಾಶದಲ್ಲಿ ಕಂಡದ್ದು ಎಂದು ಆತ 1927ರಲ್ಲಿ ಬರೆದದ್ದನ್ನು ಒಬ್ಬ ಉಪನ್ಯಾಸಕರು ಸ್ವಲ್ಪ ಜಾಸ್ತಿಯೇ ಖುಷಿಯಿಂದ ವಿವರಿಸಿದ್ದರು. ಅದೇ ಕಾರಿಡಾರಿನ ತುದಿಯಲ್ಲಿ ಚಾಪೆಲ್. ಬೆಳಿಗ್ಗೆ ಅಲ್ಲಿ ಪ್ರಾರ್ಥನೆ, ಹತ್ತು ಗಂಟೆಗೆ ಇಲ್ಲಿ ಫ್ರಾಯ್ಡ್. "ಎರಡರಲ್ಲಿ ಒಂದು ಸುಳ್ಳಿರಲೇಬೇಕು ಅಲ್ವಾ?" ಅಂದಳು. ಊರಿಗೆ ಬಂದರೆ ಅಪ್ಪ ಹೋಗುವ ಪ್ರಾರ್ಥನಾ ಕೂಟದ ಮುಂದಾಳು ಬೇರೆ ಕಾಡುತ್ತಿದ್ದರಂತೆ. ಸೈಕಾಲಜಿ ಓದಿದವರು ಪಾಪಕ್ಕೆ ಕಾಯಿಲೆ ಅಂತ ಹೆಸರಿಡುತ್ತಾರೆ, ಹುಷಾರು ಅಂತ.

ಪ್ರಶ್ನೆ ನಿಜವಾದದ್ದೇ. ಆದರೆ ಫ್ರಾಯ್ಡ್ ಓದಿ ಯಾರಿಗೂ ಎರಡು ತಿಂಗಳು ನಿದ್ದೆ ಕೆಡುವುದಿಲ್ಲ, ಊಟ ಬಿಟ್ಟುಹೋಗುವುದಿಲ್ಲ. ಇವಳಿಗೆ ಎರಡೂ ಆಗಿತ್ತು. ಪುಸ್ತಕದ ಲಕ್ಷಣಗಳ ಪಟ್ಟಿ ಹಿಡಿದು ತನಗೆ ತಾನೇ ಮೂರು ಕಾಯಿಲೆ ಹಚ್ಚಿಕೊಂಡಿದ್ದಳು. ಅದು ದೊಡ್ಡ ವಿಷಯವಲ್ಲ. ಮೆಡಿಕಲ್ ಓದುವವರೂ ಹೊಸ ಕಾಯಿಲೆಯ ಪಾಠ ಆದಾಗ ಎದೆ ಮುಟ್ಟಿ ನೋಡಿಕೊಳ್ಳುತ್ತಾರೆ. ಹಾಗಾಗಿ ಫ್ರಾಯ್ಡನ್ನು ಪಕ್ಕಕ್ಕಿಟ್ಟು, ನಿದ್ದೆ ಕೆಟ್ಟದ್ದು ಯಾವಾಗಿನಿಂದ ಅಂತ ಕೇಳಿದೆ. ಕ್ರಿಸ್‌ಮಸ್ ರಜೆಯಿಂದ ಅಂದಳು.

ಆಮೇಲೆ ಕತೆ ಹೊರಬಂತು.

ಲೀನಾಳ ದೊಡ್ಡಪ್ಪ ಹಿಂದಿನ ವರ್ಷ ಜನವರಿಯಲ್ಲಿ ತೀರಿಕೊಂಡಿದ್ದರು. ರೊಬಸ್ಟಾ ಕೊಯ್ಲಿನ ಸಮಯ. ಕಾಫಿ ಕಣದಲ್ಲೇ ಕುಸಿದು ಬಿದ್ದವರು, ಆಸ್ಪತ್ರೆ ಮುಟ್ಟುವ ಮೊದಲೇ ಹೋದರು. ಮಕ್ಕಳಿಲ್ಲ. ದೊಡ್ಡಮ್ಮ ಅದೇ ಮನೆಯಲ್ಲಿ, ಅದೇ ಎರಡೆಕರೆ ತೋಟ ನೋಡಿಕೊಂಡು ಉಳಿದರು. ಮತ್ತೆ ಡಿಸೆಂಬರ್ ಬಂತು, ಮತ್ತೆ ಕಣದಲ್ಲಿ ಹಣ್ಣು ಹರಡಿದರು. ಆಗ ಶುರುವಾಯಿತು. ಸಂಜೆ ಕಾಫಿ ಗುಡ್ಡೆ ಹಾಕುವ ಹೊತ್ತಿಗೆ ಗಂಡನ ದನಿ. "ಟಾರ್ಪಾಲ್ ಹಾಕು, ಮಂಜು ಬೀಳ್ತದೆ." ಬದುಕಿದ್ದಾಗ ದಿನಾ ಹೇಳುತ್ತಿದ್ದ ಮಾತೇ.

ದೊಡ್ಡಮ್ಮ ಇದನ್ನು ಕ್ರಿಸ್‌ಮಸ್ ದಿನ ಊಟಕ್ಕೆ ಕೂತಾಗ ಸುಮ್ನೆ ಹೇಳಿದರು. ಹೇಳುವಾಗ ಮುಖದಲ್ಲಿ ನಗು ಇತ್ತಂತೆ. ಕೂಟದ ಮುಂದಾಳು ಅಲ್ಲೇ ಅತಿಥಿ. ಅದು ಗಂಡನಲ್ಲ, ದುಷ್ಟಾತ್ಮ, ಬಿಡಿಸುವ ಪ್ರಾರ್ಥನೆ ಮಾಡಬೇಕು ಅಂದರು. ಲೀನಾಳಿಗೆ ತಡೆಯಲಾಗಲಿಲ್ಲ. ದುಷ್ಟಾತ್ಮ ಅಲ್ಲ, ಇಲ್ಲದ ದನಿ ಕೇಳಿಸುವ ಇದಕ್ಕೆ ಹ್ಯಾಲ್ಯುಸಿನೇಷನ್ ಅಂತಾರೆ, ಸ್ಕಿಜೋಫ್ರೇನಿಯಾ ಅನ್ನುವ ಮನಸ್ಸಿನ ಕಾಯಿಲೆ ಇರಬಹುದು, ಮಾತ್ರೆ ಬೇಕು ಅಂತ ತಟ್ಟೆಯ ಮುಂದೆಯೇ ಅಂದುಬಿಟ್ಟಳು. ಅಪ್ಪ ಎದ್ದು ಹೋದರು. ದೊಡ್ಡಮ್ಮ ತಟ್ಟೆ ತೊಳೆದಿಟ್ಟು ಮನೆಗೆ ನಡೆದರು. ಅಂದಿನಿಂದ ಲೀನಾಳ ಫೋನ್ ಎತ್ತಿಲ್ಲ.

"ನಾನು ದೊಡ್ಡಮ್ಮನಿಗೆ ಹುಚ್ಚು ಅಂದೆ ಮೇಡಂ. ಎಲ್ಲರ ಮುಂದೆ."

ಅತ್ತು ಮುಗಿಸಲಿ ಅಂತ ಕಾದೆ. ನಂತರ ನಾವು ಕೆಲಸಕ್ಕೆ ಕೂತೆವು. ಅವಳು ಸೈಕಾಲಜಿ ವಿದ್ಯಾರ್ಥಿನಿ, ಸಮಾಧಾನದ ಮಾತು ಹೇಳಿ ಕಳಿಸಿದರೆ ಅವಮಾನ ಮಾಡಿದಂತೆ. ಪಠ್ಯವನ್ನೇ ತೆಗೆಯಲು ಹೇಳಿದೆ. ದನಿ ಕೇಳಿಸಿತು ಅನ್ನುವ ಒಂದೇ ಲಕ್ಷಣಕ್ಕೆ ಸ್ಕಿಜೋಫ್ರೇನಿಯಾ ಅನ್ನಲು ಬರುತ್ತದಾ? ಬರುವುದಿಲ್ಲ. ತೊಂದರೆ ಕನಿಷ್ಠ 6 ತಿಂಗಳು ಇರಬೇಕು. ಬೇರೆ ಲಕ್ಷಣಗಳು ಇರಬೇಕು. ಕೆಲಸ, ಜನರ ಜೊತೆಗಿನ ನಂಟು, ತನ್ನ ಮೈಯ ಆರೈಕೆ ಹದಗೆಟ್ಟಿರಬೇಕು. ದೊಡ್ಡಮ್ಮ ಏನು ಮಾಡುತ್ತಿದ್ದರು? ಕೊಯ್ಲು ಮಾಡಿಸಿದ್ದರು, ಆಳುಗಳ ಲೆಕ್ಕ ಬರೆದಿದ್ದರು, ಭಾನುವಾರ ಪೂಜೆಗೆ ಹೋಗಿದ್ದರು, ಕ್ರಿಸ್‌ಮಸ್‌ಗೆ ಕುಸ್ವಾರ್ ತಿಂಡಿ ಮಾಡಿ ಹಂಚಿದ್ದರು.

ಇನ್ನೊಂದು ವಿಷಯ ಅವಳ ಪಠ್ಯದಲ್ಲಿ ಇರಲಿಲ್ಲ. 1971ರಲ್ಲಿ ಡೀವಿ ರೀಸ್ ಎಂಬ ಡಾಕ್ಟರ್ ವೇಲ್ಸ್ ಪ್ರದೇಶದ ಹಳ್ಳಿಗಳಲ್ಲಿ ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡ 293 ಜನರನ್ನು ಮಾತಾಡಿಸಿ ಒಂದು ವರದಿ ಪ್ರಕಟಿಸಿದರು. ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ತೀರಿಹೋದವರು ಇಲ್ಲೇ ಇದ್ದಾರೆ ಅನ್ನುವ ಅನುಭವ ಆಗಿತ್ತು. ದನಿಯೇ ಕೇಳಿಸಿದವರು 100ರಲ್ಲಿ ಸುಮಾರು 13. ಹೆಚ್ಚಿನವರಿಗೆ ಅದರಿಂದ ನೆಮ್ಮದಿ ಸಿಕ್ಕಿತ್ತು. ಬಹುಪಾಲು ಜನ ಆವರೆಗೆ ಯಾರಿಗೂ ಹೇಳಿರಲಿಲ್ಲ. ಯಾಕೆ ಹೇಳಿರಲಿಲ್ಲ ಅನ್ನುವುದು ಲೀನಾಳಿಗೆ ನಾನು ಬಿಡಿಸಿ ಹೇಳಬೇಕಾಗಿ ಬರಲಿಲ್ಲ.

ಹಾಗಂತ ಎಲ್ಲ ದನಿಯೂ ದುಃಖದ ದನಿಯೇ ಅಂತ ಬಿಟ್ಟುಬಿಡುವಂತಿಲ್ಲ. "ನೀನೂ ಬಾ" ಅಂತ ಕರೆದರೆ, ತನಗೆ ತಾನೇ ಅಪಾಯ ಮಾಡಿಕೊಳ್ಳುವಂತೆ ಹೇಳಿದರೆ, ಬೈದು ಹೆದರಿಸಿದರೆ, ಊಟ ನಿದ್ದೆ ನಿಂತರೆ, ಸತ್ತವರು ಸತ್ತೇ ಇಲ್ಲ ಅಂತ ಹಟ ಹಿಡಿದರೆ ತಡಮಾಡದೆ ಡಾಕ್ಟರ್ ಬಳಿ ಹೋಗಬೇಕು. ದೊಡ್ಡವರಲ್ಲಿ ದುಃಖ 12 ತಿಂಗಳು ದಾಟಿಯೂ ದಿನದಿನವೂ ಅಷ್ಟೇ ತೀವ್ರವಾಗಿ ಉಳಿದು ಬದುಕೇ ನಿಂತುಹೋದರೆ ಅದನ್ನು ಚಿಕಿತ್ಸೆ ಬೇಕಾದ ಸ್ಥಿತಿ ಎಂದು ಅಮೆರಿಕದ ಮನೋವೈದ್ಯರ ಕೈಪಿಡಿ 2022ರಲ್ಲಿ ಸೇರಿಸಿದೆ. ರಾತ್ರಿ ಹೊತ್ತು ಗಾಬರಿಯಾದರೆ ಸರ್ಕಾರದ ಟೆಲಿ ಮಾನಸ್ ಇದೆ. 14416, ಕಾಸಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟುವ ನಮ್ಮ ಕಡೆಗೆ ಆ ನಂಬರ್ ಗೋಡೆಯ ಮೇಲೆ ಬರೆದಿಡುವಂಥದ್ದು.

ನಾನು ಲೀನಾಳಿಗೆ ಕೊಟ್ಟ ಸಲಹೆ ಚಿಕ್ಕದು. ದೊಡ್ಡಮ್ಮನ ಮನೆಗೆ ಹೋಗು. ಸಂಜೆ ಹೋಗು, ಕಣದ ಕೆಲಸದ ಹೊತ್ತಿಗೆ. ಗುಡ್ಡೆ ಹಾಕಲು ಕೈಜೋಡಿಸು. ಅವತ್ತು ಅಂದದ್ದು ತಪ್ಪು ಅಂತ ಒಂದೇ ಸಲ ಹೇಳು, ವಿವರಣೆ ಕೊಡಬೇಡ, ವೇಲ್ಸ್ ಕತೆಯನ್ನಂತೂ ಹೇಳಲೇಬೇಡ. ದೊಡ್ಡಪ್ಪ ಏನು ಹೇಳ್ತಾರೆ ಅಂತ ಕೇಳು, ಕೇಳಿ ಸುಮ್ಮನಿರು. ಮೇಲೆ ಹೇಳಿದ ಅಪಾಯದ ಮಾತೇನಾದರೂ ಬಂದರೆ ಮಾತ್ರ ನನಗೆ ಫೋನ್ ಮಾಡು.

ಹೋದಳು. ಮೊದಲ ಸಲ ದೊಡ್ಡಮ್ಮ ಚಹಾ ಕೊಟ್ಟು ಕಳಿಸಿದರು, ಅಷ್ಟೇ. ಎರಡನೇ ಸಲ ಮಾತಾಡಿದರು. ಕ್ರಿಸ್‌ಮಸ್ ಆದ ಮೇಲೆ ಅವರಿಗೆ ಒಬ್ಬರೇ ಒಬ್ಬರು ಸರಿಯಾಗಿ ಉತ್ತರಿಸಿದ್ದರಂತೆ, ಪಕ್ಕದ ತೋಟದ ಕೊಡವ ಅಜ್ಜಿ. ತೀರಿಹೋದ ಹಿರಿಯರಿಗಾಗಿ ಕೈಮಡ ಅನ್ನುವ ಚಿಕ್ಕ ಗುಡಿ ಕಟ್ಟಿ, ಮನೆತನದ ಮೂಲಪುರುಷನನ್ನು ಗುರು ಕಾರೋಣ ಅಂತ ನೆನೆದು, ಅವರಿಗೆ ಅಂತಲೇ ಎಡೆ ಇಡುವ ಮನೆತನದವರು. ಗಂಡ ಬಂದು ಟಾರ್ಪಾಲ್ ಹಾಕು ಅಂದರೆ ಅವರಿಗೆ ಅದರಲ್ಲಿ ಆಶ್ಚರ್ಯ ಏನಿದೆ? "ಹಾಕಿದೆಯಾ?" ಅಂತ ಕೇಳಿದರಂತೆ. ನನ್ನ ಇಷ್ಟು ವರ್ಷದ ಓದಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಹೊಳೆಯುತ್ತಿರಲಿಲ್ಲ.

ಕ್ಯಾಥೊಲಿಕರಿಗೂ ಇದು ಪರಕೀಯವಲ್ಲ. ನವೆಂಬರ್ 2ರಂದು ಸಮಾಧಿಗೆ ಹೋಗಿ ಮೇಣದಬತ್ತಿ ಹಚ್ಚಿ ಪ್ರಾರ್ಥಿಸುವವರೇ ಇವರು. ಆದರೆ ಅಪ್ಪನ ತಲೆಯಲ್ಲಿ ದುಷ್ಟಾತ್ಮದ ಮಾತು ಕೂತುಬಿಟ್ಟಿತ್ತು. ಬಿಡಿಸುವ ಪ್ರಾರ್ಥನೆಗೆ ದಿನವೂ ಗೊತ್ತಾಗಿತ್ತು. ಅಪ್ಪನನ್ನು ಒಮ್ಮೆ ಕರೆತಾ ಅಂದೆ. ಬಂದರು. ಕೈಯಲ್ಲಿ ಜಪಮಾಲೆ, ಮುಖದಲ್ಲಿ ಜಗಳದ ಸಿದ್ಧತೆ.

ಅವರ ಜೊತೆ ನಾನು ವಿಜ್ಞಾನ ಮಾತಾಡಲಿಲ್ಲ. ಅವರದೇ ಚರ್ಚಿನ ನಿಯಮ ಕೇಳಿದೆ. ದೆವ್ವ ಬಿಡಿಸುವ ವಿಧಿಯನ್ನು ಯಾರು ಬೇಕಾದರೂ ಮಾಡುವಂತಿಲ್ಲ. 1983ರ ಕ್ಯಾನನ್ ಕಾನೂನಿನ 1172ನೇ ಕಲಮಿನ ಪ್ರಕಾರ ಅದಕ್ಕೆ ಬಿಷಪರ ವಿಶೇಷ ಅನುಮತಿ ಬೇಕು, ಅದೂ ಪಾದ್ರಿಗೆ ಮಾತ್ರ ಸಿಗುತ್ತದೆ. ಕೊಡಗು ಸೇರುವುದು ಮೈಸೂರು ಧರ್ಮಪ್ರಾಂತ್ಯಕ್ಕೆ. ಅಲ್ಲಿಂದ ಈ ಮುಂದಾಳಿಗೆ ಪತ್ರ ಬಂದಿದೆಯಾ? ಬಂದಿರಲಿಲ್ಲ. ಅನುಮತಿ ಇದ್ದ ಪಾದ್ರಿಯೂ ಮೊದಲು ಕಾಯಿಲೆಯಲ್ಲ ಎಂದು ಖಚಿತ ಮಾಡಿಕೊಳ್ಳಬೇಕು, ಬೇಕಾದರೆ ವೈದ್ಯರನ್ನು ಕೇಳಬೇಕು ಅಂತ ಆ ವಿಧಿಯ ಪುಸ್ತಕವೇ ಹೇಳುತ್ತದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಫಾದರ್ ಹತ್ತಿರ ಒಂದು ಮಾತು ಕೇಳ್ತೇನೆ" ಅಂದರು. ಅಷ್ಟು ಸಾಕಿತ್ತು. ಪ್ರಾರ್ಥನೆ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ದುಃಖದಲ್ಲಿದ್ದವರಿಗೆ ಅದು ಆಸರೆ. ಅದೇ ದುಃಖವನ್ನು ದೆವ್ವ ಅಂತ ಹೆದರಿಸಿದಾಗ ಮಾತ್ರ ನನ್ನ ತಕರಾರು.

ಇನ್ನು ಪ್ರಾರ್ಥನೆ, ಫ್ರಾಯ್ಡ್ ಎರಡರಲ್ಲಿ ಒಂದು ಸುಳ್ಳಿರಬೇಕಾ ಅನ್ನುವ ಲೀನಾಳ ಪ್ರಶ್ನೆ. ಅದು ನೆಪವೂ ಆಗಿತ್ತು, ನಿಜವೂ ಆಗಿತ್ತು. ನಿದ್ದೆ ಸುಧಾರಿಸಿದ ಮೇಲೆ ಅದಕ್ಕೆ ಬಂದೆವು. ಫ್ರಾಯ್ಡನ ಹತ್ತಿರದ ಗೆಳೆಯರಲ್ಲಿ ಆಸ್ಕರ್ ಫಿಸ್ಟರ್ ಅಂತ ಒಬ್ಬ ಇದ್ದ. ಜ್ಯೂರಿಕ್‌ನಲ್ಲಿ ಪ್ರಾಟೆಸ್ಟಂಟ್ ಪಾದ್ರಿ, ಜೊತೆಗೆ ಮನೋವಿಶ್ಲೇಷಕ. 1927ರ ಆ ಪುಸ್ತಕಕ್ಕೆ ಮರುವರ್ಷವೇ ಉತ್ತರ ಬರೆದ. ಇಬ್ಬರೂ ಒಪ್ಪಲಿಲ್ಲ, ಗೆಳೆತನವೂ ಮುರಿಯಲಿಲ್ಲ. ಹನ್ನೆರಡನೇ ಪಯಸ್ ಪೋಪರು 1953ರಲ್ಲಿ ಮನೋಚಿಕಿತ್ಸಕರ ಸಮ್ಮೇಳನಕ್ಕೆ ಬಂದವರನ್ನು ಉದ್ದೇಶಿಸಿ ಮಾತಾಡಿದ್ದರು. ಕೆಲವು ಎಚ್ಚರಿಕೆ ಕೊಟ್ಟರು, ಕೆಲಸವನ್ನು ಮೆಚ್ಚಿದರು. ಅಪ್ಪ ಅಂದುಕೊಂಡಂತೆ ಇದು ನಿನ್ನೆ ಮೊನ್ನೆ ಬಂದ ಓದೂ ಅಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಕಟ್ಟಿದ್ದರು.

ನಾನು ಅವಳಿಗೆ ಹೇಳಿದ್ದು: ಕಾರಿಡಾರಿನ ಎರಡು ತುದಿಯನ್ನು 20ನೇ ವಯಸ್ಸಿಗೆ ಸೇರಿಸಿ ಹೊಲಿಯಬೇಕಾದ ಕೆಲಸ ನಿನ್ನದಲ್ಲ. ಫ್ರಾಯ್ಡ್ ಏನು ಹೇಳಿದ ಅಂತ ಪರೀಕ್ಷೆಯಲ್ಲಿ ಚೆನ್ನಾಗಿ ಬರೆ. ಒಪ್ಪುತ್ತೀಯಾ ಅಂತ ಪ್ರಶ್ನೆಪತ್ರಿಕೆ ಕೇಳುವುದಿಲ್ಲ. ದೇವರಿದ್ದಾನೋ ಇಲ್ಲವೋ ಅನ್ನುವುದು ಯಾವ ಪ್ರಯೋಗಾಲಯದ ಪ್ರಶ್ನೆಯೂ ಅಲ್ಲ. ನಂಬಿಕೆಯ ಸಂಶಯಕ್ಕೆ ಹಾಸ್ಟೆಲ್ ವಾರ್ಡನ್ ಸಿಸ್ಟರ್ ಇದ್ದಾರೆ, ಪಾಠದ ಸಂಶಯಕ್ಕೆ ಉಪನ್ಯಾಸಕರಿದ್ದಾರೆ. ಒಬ್ಬರ ಪ್ರಶ್ನೆಯನ್ನು ಇನ್ನೊಬ್ಬರ ಬಳಿ ಒಯ್ಯಬೇಡ. ಊರಿನಲ್ಲಿ ಯಾರಾದರೂ "ನೀನು ಸೈಕಾಲಜಿ ಅಲ್ವಾ, ನನ್ನ ಮಗನಿಗೆ ಏನಾಗಿದೆ ನೋಡು" ಅಂದರೆ, "ನಾನಿನ್ನೂ ಕಲಿಯುತ್ತಿದ್ದೇನೆ" ಅನ್ನು. ಆ ಮಾತು ಕ್ರಿಸ್‌ಮಸ್ ಊಟದಲ್ಲೂ ಸಾಕಾಗುತ್ತಿತ್ತು.

ಇಂಥ ಕಾಲೇಜುಗಳ ಬಗ್ಗೆ ಬೇರೆ ಧರ್ಮದ ಅಪ್ಪ ಅಮ್ಮಂದಿರೂ ಕೇಳುತ್ತಾರೆ, ನಮ್ಮ ಹುಡುಗಿಯನ್ನು ಚಾಪೆಲ್‌ಗೆ ಕಳಿಸುತ್ತಾರಾ ಅಂತ. ಸಂವಿಧಾನದ 28(3)ನೇ ವಿಧಿ ಇದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಿಕ್ಷಣ ಸಂಸ್ಥೆಯಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ, ಪೂಜೆಗೆ ಕೂರಿಸುವಂತಿಲ್ಲ. 18 ತುಂಬದವರಿಗೆ ಪೋಷಕರ ಒಪ್ಪಿಗೆ ಬೇಕು. ಬಹಳ ಕಡೆ ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶದ ತರಗತಿ, ಉಳಿದವರಿಗೆ ಅದೇ ಹೊತ್ತಿಗೆ ಮೌಲ್ಯಶಿಕ್ಷಣ. ಸೇರುವಾಗಲೇ ಕೇಳಿಕೊಂಡರೆ ಮುಗಿಯಿತು.

ಹೊರಡುವಾಗ ಲೀನಾಳ ಅಪ್ಪ ಕೇಳಿದ್ದು ಅಪ್ಪಂದಿರ ಪ್ರಶ್ನೆ. ಇದನ್ನು ಓದಿ ಏನಾಗ್ತಾಳೆ? ಬಿಎ ಮುಗಿದ ಮಾತ್ರಕ್ಕೆ ಆಪ್ತಸಲಹೆಗಾರ್ತಿ ಆಗುವುದಿಲ್ಲ ಅಂತ ನೇರವಾಗಿ ಹೇಳಿದೆ. ಎರಡು ವರ್ಷದ ಸ್ನಾತಕೋತ್ತರ ಪದವಿ ಬೇಕು, ಮೇಲ್ವಿಚಾರಣೆಯಲ್ಲಿ ತರಬೇತಿ ಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಲು 1992ರ ಕಾಯ್ದೆಯ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು, ಅದಕ್ಕೆ ಪರಿಷತ್ತು ಮಾನ್ಯ ಮಾಡಿದ ಕೋರ್ಸೇ ಆಗಬೇಕು. ಫೀಸು ಕಟ್ಟುವ ಮೊದಲು ಆ ಪಟ್ಟಿ ನೋಡಿ ಅಂದೆ. ಅವರು ರೈಟರ್ ಅಲ್ವಾ, ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಬರೆದುಕೊಂಡರು.

ಬಿಡಿಸುವ ಪ್ರಾರ್ಥನೆ ನಡೆಯಲಿಲ್ಲ. ಫಾದರ್ ಮನೆಗೇ ಬಂದು ದೊಡ್ಡಪ್ಪನ ಹೆಸರಲ್ಲಿ ಪ್ರಾರ್ಥಿಸಿ ಹೋದರು. ಮುಂದಾಳು ಈಗಲೂ ಒಪ್ಪಿಲ್ಲ, ಅಪ್ಪ ಈಗಲೂ ಅವರ ಕೂಟಕ್ಕೆ ಹೋಗುತ್ತಾರೆ. ಕಣದ ಕೆಲಸ ಮುಗಿದ ಮೇಲೆ ದನಿ ಕಡಿಮೆಯಾಯಿತು ಅಂತ ದೊಡ್ಡಮ್ಮ ಹೇಳಿದರಂತೆ.

ಲೀನಾ ಈಗ ಮೂರನೇ ವರ್ಷ. ಪ್ರಾಜೆಕ್ಟಿಗೆ ವಿಧವೆಯರ ದುಃಖ ಅಂತ ವಿಷಯ ಆರಿಸಿ, ಮೊದಲ ಸಂದರ್ಶನ ದೊಡ್ಡಮ್ಮನದೇ ಅಂತ ಉತ್ಸಾಹದಿಂದ ಫೋನ್ ಮಾಡಿದ್ದಳು. ಬೇಡ ಅಂದೆ. ಮನೆಯವರನ್ನು ಸ್ಯಾಂಪಲ್ ಮಾಡಿಕೊಂಡರೆ ಅವರೂ ಬಿಚ್ಚಿ ಹೇಳುವುದಿಲ್ಲ, ನಿನಗೂ ಸರಿಯಾಗಿ ಕೇಳಿಸುವುದಿಲ್ಲ. ಹಾಸ್ಟೆಲ್ ಹುಡುಗಿಯರ ನಿದ್ದೆಯ ಬಗ್ಗೆ ಮಾಡುತ್ತೇನೆ ಅಂತ ಬದಲಿಸಿದಳು. ದೊಡ್ಡಮ್ಮನಿಗೆ ಸ್ವಲ್ಪ ಬೇಸರವಾಯಿತಂತೆ. ಹೇಳಲು ಬೇಕಾದಷ್ಟಿತ್ತು ಅಂದರಂತೆ.